ಹಸಿ ಎಂಬ ಎರಡಕ್ಷರ

ಶಮ್ಸುನ್ನಿಸಾಗೆ ಮೂರು ರಸ್ತೆಗಳಲ್ಲಿ ಮೂರು ಹೆಸರು. ಬನವಾಸಿ ರಸ್ತೆಯಲ್ಲಿ ಅವಳು ಶಮ್ಮವ್ವ. ಸಿದ್ದಾಪುರ ರಸ್ತೆಯಲ್ಲಿ ಶಮ್ಸಕ್ಕ. ಯಲ್ಲಾಪುರ ರಸ್ತೆಯಲ್ಲಿ ಬರೀ 'ತಂಗಿ'. ಶಿರಸಿ ಪೇಟೆಯಲ್ಲಿ ಮಾತ್ರ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅವಳ ಲಗೇಜ್ ಆಟೋದ ಹಾರ್ನು ಕೇಳಿದ ಕೂಡಲೇ ದಾರಿ ಬಿಟ್ಟು ನಿಲ್ಲುತ್ತಾರೆ. ಆ ಹಾರ್ನು ಒಮ್ಮೆ ಒತ್ತಿದರೆ ಎರಡು ಸಲ ಕೂಗುತ್ತದೆ, ರಿಪೇರಿ ಮಾಡಿಸಲು ಅವಳಿಗೆ ಮನಸ್ಸಿಲ್ಲ.

ಗಾಡಿ ಅವಳ ಕೈಗೆ ಬಂದದ್ದು ಎಂಟು ದಿನದ ಮಟ್ಟಿಗೆ. ಗಂಡ ಅಖ್ತರ್‌ಗೆ ಸೊಂಟ ಹಿಡಿದುಕೊಂಡು, ಡಾಕ್ಟರು ಎಂಟು ದಿನ ಸ್ಟೇರಿಂಗ್ ಮುಟ್ಟಬೇಡಿ ಅಂದಿದ್ದರು. ಒಪ್ಪಿಕೊಂಡ ಸಾಮಾನು ತಲುಪಿಸದೆ ಇರುವುದು ಹೇಗೆ? ಮೈದಾನದಲ್ಲಿ ಎರಡು ಸಂಜೆ ಗಂಡನ ಬೈಗುಳ ತಿಂದು ಕ್ಲಚ್ಚು ಬಿಡುವುದನ್ನು ಕಲಿತ ಶಮ್ಸುನ್ನಿಸಾ ಮೂರನೆಯ ದಿನ ಬನವಾಸಿಗೆ ಹೊರಟೇಬಿಟ್ಟಳು. ಆ ಎಂಟು ದಿನ ಶುರುವಾಗಿ ಈಗ ಹನ್ನೊಂದು ವರ್ಷ. ಅಖ್ತರ್‌ನ ಸೊಂಟ ಯಾವತ್ತೋ ವಾಸಿಯಾಗಿದೆ, ಗಾಡಿ ಮಾತ್ರ ವಾಪಸ್ಸು ಸಿಕ್ಕಿಲ್ಲ. ಅವನು ಮನೆಯ ಮುಂದೆಯೇ ಪಂಕ್ಚರ್ ಅಂಗಡಿ ಹಾಕಿಕೊಂಡು, "ನನ್ನ ಸೊಂಟದಿಂದ ನನಗಿಂತ ಇವಳಿಗೇ ಲಾಭ" ಎಂದು ಗಿರಾಕಿಗಳ ಮುಂದೆ ಹೇಳಿಕೊಂಡು ನಗುತ್ತಾನೆ.

ಶಮ್ಸುನ್ನಿಸಾ ಓದಿದ್ದು ಏಳನೆಯ ಇಯತ್ತೆ. ಆದರೆ ನಾಲಿಗೆಗೆ ಶಾಲೆ ಬೇಕಿರಲಿಲ್ಲ. ಬನವಾಸಿಯಿಂದ ಅನಾನಸು ತುಂಬಿಕೊಂಡು ಬರುವಾಗ "ಏನವಾ, ಆರಾಮದೀಯೇನ" ಎನ್ನುವವಳು, ಯಲ್ಲಾಪುರ ರಸ್ತೆಯ ಮಂಚಿಕೇರಿಗೆ ಮುಟ್ಟುವಷ್ಟರಲ್ಲಿ "ಎಂತ ಅಣ್ಣಾ, ಆರಾಮಿದ್ಯಾ" ಎನ್ನುತ್ತಿದ್ದಳು. ಮನೆಗೆ ಬಂದರೆ ಉರ್ದು, ಮೀನು ಮಾರುವವಳ ಹತ್ತಿರ ಕೊಂಕಣಿ. ಬೇರೆ ಚಾಲಕರು ಗೇರು ಬದಲಿಸುವ ಹಾಗೆ ಇವಳು ಮಾತು ಬದಲಿಸುತ್ತಿದ್ದಳು. ಅದೊಂದು ವಿದ್ಯೆ ಅಂತ ಅವಳಿಗೆ ಯಾವತ್ತೂ ಅನಿಸಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಮಂಗಳವಾರ ಹಾವೇರಿ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಗಾಡಿ ಕೇಳಿಕೊಂಡು ಬಂದಳು. ಹೆಸರು ಸ್ಫೂರ್ತಿ. ವಯಸ್ಸು ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ, ಕಾಲಿಗೆ ಗದ್ದೆಗೆ ಇಳಿಯುವ ಬೂಟು, ಬೆಳೆ ರೋಗದ ಸಂಶೋಧನೆಯ ಕೆಲಸ. ಗಾಡಿಗೆ ಏರಿಸಿದ್ದು ಮೂರು ಕಬ್ಬಿಣದ ಕಂಬ. ಕಂಬದ ತುದಿಗೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ, ಗಾಳಿ ಅಳೆಯುವ ಬಟ್ಟಲು, ಮಳೆ ಹಿಡಿಯುವ ಡಬ್ಬಿ, ಜೊತೆಗೆ ಎಲೆಯ ಆಕಾರದ ಒಂದು ಬಿಳಿ ತಗಡು. ಎಲೆಯ ಮೇಲೆ ನೀರು ಎಷ್ಟು ಹೊತ್ತು ನಿಂತಿತು ಎಂದು ಆ ತಗಡು ಹೇಳುತ್ತದಂತೆ.

"ಇದೆಲ್ಲ ಯಾಕೆ ತಾಯಿ?" ಎಂದು ಶಮ್ಸುನ್ನಿಸಾ ಕೇಳಿದಳು.

"ಭತ್ತದ ಬೆಂಕಿ ರೋಗ ಬರೂದನ್ನ ಎಂಟು ದಿನ ಮೊದಲ ಹೇಳೂ ಕಂಪ್ಯೂಟರ್ ಮಾಡೆಲ್ ಐತ್ರಿ. ಬಯಲಸೀಮಿ ಲೆಕ್ಕದಾಗ ಮಾಡ್ಯಾರ. ಇಲ್ಲಿ ಹವಾಕ್ಕ ಅದು ನಡೀತೈತೋ ಇಲ್ಲೋ ಪರೀಕ್ಷೆ ಮಾಡಬೇಕು."

"ಅದು ಹೇಳಿದ್ದು ತಪ್ಪಾದ್ರೆ ಬೈಯೋದು ಯಾರನ್ನ? ಕಂಪ್ಯೂಟರನ್ನಾ?"

"ನನ್ನನ್ನ ಬೈರಿ."

ಶಮ್ಸುನ್ನಿಸಾಗೆ ಹುಡುಗಿ ಆಗಲೇ ಹಿಡಿಸಿದಳು. ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುವವರು ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತಾರೆ?

ಬೆಂಕಿ ರೋಗಕ್ಕೆ ಹೆಸರು ಬೆಂಕಿಯಾದರೂ ಬರುವುದು ನೀರಿನಿಂದ. ಇಬ್ಬನಿಯೋ ಸೋನೆಯೋ ಎಲೆಯ ಮೇಲೆ ಬಹಳ ಹೊತ್ತು ನಿಂತು, ಅದಕ್ಕೆ ತಂಪೂ ಕೂಡಿಕೊಂಡರೆ ಎರಡೂ ತುದಿ ಚೂಪಾದ ಕಂದು ಚುಕ್ಕೆಗಳು ಏಳುತ್ತವೆ. ಹಾಗೇ ಬಿಟ್ಟರೆ ಗದ್ದೆ ಸುಟ್ಟ ಹಾಗೆ ಕಾಣುತ್ತದೆ. ತೆನೆಯ ಕುತ್ತಿಗೆಗೆ ತಗುಲಿತೋ, ಕಾಳು ಕಟ್ಟುವುದೇ ಇಲ್ಲ. ಹಾಗಾಗಿ ಎಲೆ ನೆನೆದಿದ್ದು ಎಷ್ಟು ಹೊತ್ತು ಎನ್ನುವುದು ಆ ಮಾಡೆಲ್‌ಗೆ ಬೇಕಾದ ಮುಖ್ಯ ವಿಷಯ.

ಮೂರು ಕಂಬಗಳನ್ನು ಮೂರು ತರದ ಜಾಗದಲ್ಲಿ ನೆಟ್ಟರು. ಒಂದು ಬನವಾಸಿಯ ಪಕ್ಕದ ಗಿರಿಜವ್ವನ ಗದ್ದೆ: ಬಯಲು, ಬೆಳಿಗ್ಗೆ ಏಳಕ್ಕೆ ಬಿಸಿಲು ಬಂದು ಮೈಮೇಲೆ ಕೂರುವ ಜಾಗ. ಇನ್ನೊಂದು ಸಿದ್ದಾಪುರ ರಸ್ತೆಯಲ್ಲಿ ತ್ಯಾಗಲಿಯ ಚನ್ನಯ್ಯನದು: ಇಳಿಜಾರಿನ ಮೆಟ್ಟಿಲು ಗದ್ದೆ, ಮೋಡ ಬಂದರೆ ಬೇಗ ಹೋಗುವುದಿಲ್ಲ. ಮೂರನೆಯದು ಮಂಚಿಕೇರಿಯ ಗೋವಿಂದ ಹೆಗಡೆಯವರದು: ಸುತ್ತ ಕಾಡು, ಸೂರ್ಯ ಹತ್ತು ಗಂಟೆಗೆ ಇಣುಕಿದರೆ ಹೆಚ್ಚು. ಒಂದೇ ತಾಲೂಕಿನಂತೆ ಅಂಟಿಕೊಂಡ ಮೂರು ತಾಲೂಕುಗಳಾದರೂ ಗದ್ದೆಗೆ ಗದ್ದೆ ಬೇರೆ ದೇಶ.

ಕಂಬ ಇಳಿಸಿದ ಮೇಲೆ ಶಮ್ಸುನ್ನಿಸಾಳ ಕೆಲಸ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸ್ಫೂರ್ತಿ ಗದ್ದೆಯಲ್ಲಿ ಬಗ್ಗಿ ಎಲೆಯ ಚುಕ್ಕೆ ಎಣಿಸುತ್ತಿದ್ದರೆ ಇವಳು ಬದುವಿನ ಮೇಲೆ ಎಷ್ಟು ಹೊತ್ತು ಕೂತಾಳು? ಎರಡನೆಯ ವಾರ ಚಪ್ಪಲಿ ಬಿಚ್ಚಿ ತಾನೂ ಇಳಿದಳು. ನಾಲ್ಕನೆಯ ವಾರ ಅವಳ ಎಣಿಕೆಯೂ ಸ್ಫೂರ್ತಿಯ ಎಣಿಕೆಯೂ ಒಂದೇ ಆಯಿತು. ಆಮೇಲೆ ಪ್ರತಿ ಮಂಗಳವಾರ, ಬುಧವಾರ ಗುರುತು ಕಟ್ಟಿದ ಗಿಡಗಳ ಚುಕ್ಕೆ ಎಣಿಸಿ ಕಳಿಸುವುದು ಅವಳ ಪಾಲಿಗೇ ಬಂತು. ಮೊದಲ ವರ್ಷದ ವರದಿಯಲ್ಲಿ 'ಎಣಿಕೆ: ಶಮ್ಸುನ್ನಿಸಾ' ಎಂದು ಅಚ್ಚಾಗಿತ್ತು. ಆ ಹಾಳೆಯನ್ನು ಅವಳು ಅಖ್ತರ್‌ಗೆ ಮೂರು ಸಲ ಓದಿ ತೋರಿಸಿದಳು. ಅವನು ನಾಲ್ಕನೆಯ ಸಲ ತಾನೇ ಕೇಳಿ ಓದಿಸಿಕೊಂಡ. ತನ್ನ ಕೆಲಸಕ್ಕೆ ತನ್ನ ಹೆಸರು ಸೇರಿದ್ದು ಅವಳ ಜೀವನದಲ್ಲಿ ಅದೇ ಮೊದಲು, ಅದರ ಖುಷಿಯನ್ನು ಮುಚ್ಚಿಡುವ ಜಾತಿ ಅವಳದಲ್ಲ.

ಎರಡು ವರ್ಷ ಮಾಡೆಲ್ ಹೇಳಿದ್ದು ಸುಮಾರಾಗಿ ಸರಿಹೋಯಿತು. ಎಡವಟ್ಟಾದದ್ದು ಮೂರನೆಯ ವರ್ಷ, ಅದೂ ಕೊನೆಯ ಹಂಗಾಮಿನಲ್ಲಿ.

ನಾಟಿ ಮುಗಿಯುತ್ತಿದ್ದ ಹಾಗೆ ಮಂಚಿಕೇರಿಯ ಕಂಬದ ಎಲೆ ತಗಡನ್ನು ಮಂಗಗಳು ಕಿತ್ತುಕೊಂಡು ಹೋದವು. ತ್ಯಾಗಲಿಯ ತಗಡಿನ ತಂತಿಯೊಳಗೆ ಇರುವೆಗಳು ಸಂಸಾರ ಹೂಡಿದವು. ಹೊಸದಕ್ಕೆ ಬರೆದರೆ ಬರುವಷ್ಟರಲ್ಲಿ ಹಂಗಾಮೇ ಮುಗಿಯುತ್ತಿತ್ತು. ಸ್ಫೂರ್ತಿ ಒಂದು ಉಪಾಯ ಮಾಡಿದಳು. ಲೆಕ್ಕ ಮೂರೂ ಕಡೆ ಒಂದೇ ತರ ಇರಲಿ ಎಂದು ಮೂವರು ರೈತರ ಮೊಬೈಲಿಗೂ ದಿನಕ್ಕೆ ಮೂರು ಸಲ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಒಂದೇ ಪ್ರಶ್ನೆ ಹೋಗುತ್ತದೆ: 'ಎಲೆ ಹಸಿ ಇದೆಯೇ?' ಕೆಳಗೆ 'ಹೌದು', 'ಇಲ್ಲ' ಎಂಬ ಎರಡು ಗುಂಡಿ. ಗದ್ದೆ ನೋಡಿ ಒಂದನ್ನು ಒತ್ತಿದರೆ ಸಾಕು. ಇದಕ್ಕಿಂತ ಸುಲಭದ ಪ್ರಶ್ನೆ ಯಾರು ಕೇಳಲು ಸಾಧ್ಯ ಎಂದು ಎಲ್ಲರೂ ಮೆಚ್ಚಿದರು.

ಅಕ್ಟೋಬರ್ ಬಂತು. ಮಳೆ ಹಿಂದೆ ಸರಿದು, ನೀಲಿ ಆಕಾಶ ತೆರೆಯಿತು. ಮಾಡೆಲ್‌ಗೆ ಆಗ ತಲೆ ಕೆಟ್ಟಿತು. ಗಿರಿಜವ್ವನ ಗದ್ದೆಗೆ 'ಅಪಾಯವಿಲ್ಲ' ಎಂದು ಸರಿಯಾಗಿಯೇ ಹೇಳಿತು. ಮಂಚಿಕೇರಿಗೂ ತ್ಯಾಗಲಿಗೂ 'ಅಪಾಯ ತೀವ್ರ' ಎಂದು ಕೆಂಪು ಬಣ್ಣ ತೋರಿಸಿತು. ಒಂದು ವಾರವಲ್ಲ, ಮೂರು ವಾರ. ಶಮ್ಸುನ್ನಿಸಾ ಹೋಗಿ ಹುಡುಕಿದರೆ ಎಲೆಗಳು ತೊಳೆದಿಟ್ಟ ಹಾಗೆ ಶುದ್ಧ.

ಸ್ಫೂರ್ತಿ ಗೋವಿಂದ ಹೆಗಡೆಯವರಿಗೆ ಫೋನು ಮಾಡಿ, "ಮಧ್ಯಾಹ್ನನೂ ಎಲಿ ಹಸೀನ ಇತ್ತೇನ್ರಿ? ಖರೇನ?" ಎಂದು ಕೇಳಿದಳು. ಅವರಿಗೆ ಸ್ವಲ್ಪ ಕೋಪವೇ ಬಂತು. "ಆನು ದಿನಾ ಮೂರು ಸಲ ಹೋಗಿ ನೋಡ್ಕ್ಯಂಡು ಒತ್ತಿದ್ದು. ಸುಳ್ಳು ಹೇಳ್ತ್ನಿಲ್ಲೆ" ಎಂದು ಫೋನು ಇಟ್ಟರು. ಚನ್ನಯ್ಯನೂ ಅದನ್ನೇ ಹೇಳಿದ. ಇಬ್ಬರು ದೊಡ್ಡ ಮನುಷ್ಯರು ಆಣೆ ಮಾಡುವಂತೆ ಹೇಳುವಾಗ ನಂಬದೆ ಇರುವುದು ಹೇಗೆ? ತಪ್ಪು ಮಾಡೆಲ್‌ನದೇ ಎಂದಾಯಿತು.

ಆ ಶನಿವಾರ ಸ್ಫೂರ್ತಿ ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಬಂದು ಕೂತಳು. ಮುಖ ಸಪ್ಪೆ. ಮೇಲಿನ ಸಾಹೇಬರ ಪತ್ರ ಬಂದಿತ್ತು. ನವೆಂಬರ್ ಮೊದಲ ಸೋಮವಾರ ಶಿರಸಿಯಲ್ಲಿ ಸಭೆ. ಮೂರರಲ್ಲಿ ಎರಡು ಕಡೆ ತಪ್ಪಿದ ಮಾಡೆಲ್ ಮಲೆನಾಡಿಗೆ ಆಗದು ಎಂದು ಬರೆದು ಕೆಲಸ ಮುಚ್ಚುವುದು. ಸಭೆ ಮುಗಿದ ಕೂಡಲೇ ಮೂರೂ ಕಂಬ ಕಿತ್ತು ತರಲು ಗಾಡಿ ಹೇಳಿಡುವುದು.

"ಗಾಡಿ ಯಾರದು?" ಎಂದಳು ಶಮ್ಸುನ್ನಿಸಾ, ಗೊತ್ತಿದ್ದೂ.

"ನಿಮ್ದ ಅಲ್ರಿ ಶಮ್ಮವ್ವ. ಮತ್ತ್ಯಾರದು?" ಹುಡುಗಿಯ ಕಣ್ಣಲ್ಲಿ ನೀರು. "ಮೂರು ವರ್ಷ ನೀರಾಗ ಹೋತು. ನಾನೂ ಬ್ಯಾರೆ ಊರು ನೋಡ್ಕೋಬೇಕು."

ಕಂಬ ಕೀಳುವುದೆಂದರೆ ಶಮ್ಸುನ್ನಿಸಾಳ ಮಂಗಳವಾರ, ಬುಧವಾರಗಳನ್ನು ಕಿತ್ತ ಹಾಗೆ. ಈ ಹುಡುಗಿಯನ್ನು ಬಸ್ಸು ಹತ್ತಿಸಿ ಬಂದು ಮತ್ತೆ ಬರೀ ಮೂಟೆ ಹೊರುವುದೇ? ಅಖ್ತರ್ ಮೂರು ಗ್ಲಾಸು ಚಹಾ ತಂದಿಟ್ಟ. ಯಾರೂ ಕುಡಿಯಲಿಲ್ಲ, ಆಮೇಲೆ ಮೂರನ್ನೂ ಅವನೇ ಕುಡಿದ.

ಮಂಗಳವಾರ ಅವಳು ಎಂದಿನಂತೆ ಗಿರಿಜವ್ವನಲ್ಲಿಗೆ ಹೋದಳು. ಎಣಿಸುತ್ತಿರುವಾಗ ಗಿರಿಜವ್ವನ ಮೊಬೈಲು ಗುಣುಗಿತು. ಗಿರಿಜವ್ವ ಪ್ರಶ್ನೆ ಓದಿ, ಎಲೆ ಸವರಿ ನೋಡಿ, "ಮುಂಜಾನೆ ಹಸಿ ಇತ್ತವಾ, ಈಗ ಆರೇತಿ" ಎಂದು 'ಇಲ್ಲ' ಒತ್ತಿದಳು. ಶಮ್ಸುನ್ನಿಸಾ ಅದನ್ನು ನೋಡಿದಳು, ಮರೆತಳು.

ಮರುದಿನ ಮಂಚಿಕೇರಿ. ಮಧ್ಯಾಹ್ನದ ಹನ್ನೆರಡೂವರೆ, ಬಿಸಿಲು ನೆತ್ತಿ ಸುಡುತ್ತಿತ್ತು. ಗೋವಿಂದ ಹೆಗಡೆಯವರು ಬದುವಿನ ಮೇಲೆ ಎದುರಾದರು. ಅರವತ್ತು ದಾಟಿದವರು, ಹೆಗಲ ಮೇಲೆ ತುಂಡು ಪಂಚೆ, ಫೋನಿನಲ್ಲಿ ಬಂದ ಕೋಪ ಇನ್ನೂ ಅರ್ಧ ಉಳಿದಿತ್ತು.

"ಬಾ ತಂಗೀ. ಆಸ್ರಿಗೆ ಎಂತ ಬೇಕು? ಮಜ್ಜಿಗೆ ಅಡ್ಡಿಲ್ಯಾ?"

"ಮಜ್ಜಿಗೆ ಆಮೇಲಾತು ಅಣ್ಣಾ. ಮೊದ್ಲು ಎಣಿಸ್ತೆ."

ಅಷ್ಟರಲ್ಲಿ ಅವರ ಮೊಬೈಲೂ ಗುಣುಗಿತು. ಹೆಗಡೆಯವರು ಕನ್ನಡಕ ಏರಿಸಿ, ಗದ್ದೆಯನ್ನು ಆ ತುದಿಯಿಂದ ಈ ತುದಿಯವರೆಗೆ ಗಂಭೀರವಾಗಿ ನೋಡಿ, 'ಹೌದು' ಒತ್ತಿದರು.

ಶಮ್ಸುನ್ನಿಸಾ ಕೈಯಲ್ಲಿದ್ದ ಎಲೆಯನ್ನು ಸವರಿದಳು. ಹಪ್ಪಳದಂತೆ ಒಣ.

"ಅಣ್ಣಾ, ಹೌದು ಹೇಳಿ ಎಂತಕ್ಕೆ ಒತ್ತಿದ್ದು?"

"ಎಲೆ ಹಸಿ ಇದ್ದಾ ಹೇಳಿ ಕೇಳ್ತು. ಹಸಿನೇ ಇದ್ದಲೇ!" ಹೆಗಡೆಯವರು ಒಂದು ಗರಿ ಎತ್ತಿ ತೋರಿಸಿದರು. "ನೋಡು. ಒಂದು ಎಲೆನೂ ಒಣಗಿದ್ದಿಲ್ಲೆ. ಕಟಾವಿಗೆ ಇನ್ನೂ ಒಂದು ತಿಂಗಳಿದ್ದು, ಈಗಲೇ ಒಣಗಿರೆ ಎಂಗೆ ಉಣ್ಣಲೆ ಎಂತ ಇರ್ತು?"

ಶಮ್ಸುನ್ನಿಸಾ ಮನಸ್ಸಿನಲ್ಲೇ ತನ್ನ ಗಾಡಿಯ ಸಾಮಾನು ಎಣಿಸಿದಳು. ಹಸಿ ಅಡಿಕೆ. ಹಸಿ ಹುಲ್ಲು. ಹಸಿ ಮೆಣಸು. ಈ ರಸ್ತೆಯಲ್ಲಿ ಹನ್ನೊಂದು ವರ್ಷ ಅವಳು ಹೊತ್ತ ಹಸಿಯೆಲ್ಲ ಒಣಗದ ಸಾಮಾನು. ಸಿದ್ದಾಪುರ ರಸ್ತೆಯಲ್ಲೂ ಅಷ್ಟೇ. ಬನವಾಸಿ ರಸ್ತೆಯಲ್ಲಿ ಬಟ್ಟೆ ಹಸಿ, ನೆಲ ಹಸಿ, ಗೋಣಿಚೀಲ ಹಸಿ. ಅಲ್ಲಿ ಹಸಿ ಎಂದರೆ ನೀರು ಕುಡಿದದ್ದು. ಸ್ಫೂರ್ತಿ ಹಾವೇರಿಯವಳು, ಅವಳಿಗೂ ಹಸಿ ಎಂದರೆ ಅದೇ. ಹಾವೇರಿಯ ಹಸಿ ಮಂಚಿಕೇರಿಗೆ ಬಂದು ಹಸಿರಾಗಿ ಕೂತಿತ್ತು!

ಮೊದಲು ನಗು ಮೂಗಿನಿಂದ ಬಂತು. ಆಮೇಲೆ ಹೊಟ್ಟೆಯಿಂದ. ಅವಳು ಬದುವಿನ ಮೇಲೆ ಕುಕ್ಕರಿಸಿ ಕೂತು ನಕ್ಕ ರಭಸಕ್ಕೆ ಗದ್ದೆಯ ಬೆಳ್ಳಕ್ಕಿಗಳು ಹಾರಿಹೋದವು. ಹೆಗಡೆಯವರು ಗಾಬರಿಯಾಗಿ ಮಜ್ಜಿಗೆ ತರಲು ಕೂಗು ಹಾಕಿದರು.

ನಗು ನಿಂತ ಮೇಲೆ ಫೋನು ಹಚ್ಚಿದಳು. "ತಾಯೀ, ನಿಮ್ಮೂರಲ್ಲಿ ಹಸಿ ಅಂದ್ರೆ ಏನು?"

"ಹಸಿ ಅಂದ್ರ ಹಸಿ ರೀ," ಸ್ಫೂರ್ತಿಗೆ ತಲೆಬುಡ ತಿಳಿಯಲಿಲ್ಲ. "ನೀರಾಗಿದ್ದು. ತೊಯ್ದಿದ್ದು."

"ಇಲ್ಲಿ ಹಸಿ ಅಂದ್ರೆ ಒಣಗದೇ ಇದ್ದದ್ದು! ಗೋವಿಂದಣ್ಣ ಮೂರು ತಿಂಗಳಿಂದ ತಮ್ಮ ಗದ್ದೆ ಜೀವಂತ ಇದೆ ಅಂತ ದಿನಾ ಮೂರು ಸಲ ನಿಮ್ಮ ಕಂಪ್ಯೂಟರಿಗೆ ಹೇಳ್ತಿದ್ದಾರೆ!"

ಮಳೆಗಾಲ ಪೂರ್ತಿ ಎಲೆ ಹೇಗೂ ನೆನೆದೇ ಇತ್ತು, ಹಾಗಾಗಿ ತಪ್ಪು ಕಂಡಿರಲಿಲ್ಲ; ಬಿಸಿಲು ಬಂದ ಮೇಲಷ್ಟೇ ಬಣ್ಣ ಬಯಲಾಗಿತ್ತು. ಆ ಕಡೆಯಿಂದ ಸ್ಫೂರ್ತಿಯ ನಗುವೂ ಅಳುವೂ ಒಟ್ಟಿಗೇ ಕೇಳಿಸಿತು. "ಫೋನ್ ಮಾಡಿ ಕೇಳಿದಾಗೂ ನಾನು ಹಸಿ ಅಂತನ ಕೇಳೇನಿ ನೋಡ್ರಿ," ಎಂದಳು.

ವಿಷಯ ತಿಳಿದ ಹೆಗಡೆಯವರ ಕೋಪದ ಉಳಿದ ಅರ್ಧವೂ ಇಳಿಯಿತು. "ಒದ್ದೆ ಇದ್ದಾ ಹೇಳಿ ಕೇಳಿದ್ರೆ ಆನು ಇಲ್ಲೆ ಹೇಳ್ತಿದ್ದೆ. ಪ್ರಶ್ನೆ ಕೇಳುದಕ್ಕೂ ಬುದ್ಧಿ ಬೇಕು, ತಂಗೀ" ಎಂದು ಗೆದ್ದವರ ಹಾಗೆ ಮಜ್ಜಿಗೆ ಕುಡಿದರು.

ಹೊಸ ಪ್ರಶ್ನೆ ಬರೆಯಲು ಅಂದೇ ಸಂಜೆ ಪಂಕ್ಚರ್ ಅಂಗಡಿಯ ಬೆಂಚಿನಲ್ಲಿ ಸಭೆ ಕೂತಿತು. ಸ್ಫೂರ್ತಿ ಬರೆದದ್ದು: 'ಎಲೆ ಮುಟ್ಟಿದರೆ ಕೈಗೆ ನೀರು ಹತ್ತುತ್ತದೆಯೇ?'

"ನೀರು ಹತ್ತೋದಕ್ಕೆ ಕೈ ಏನು ಅಡಿಕೆ ಮರವಾ?" ಎಂದಳು ಶಮ್ಸುನ್ನಿಸಾ. "ಮಂಚಿಕೇರೀಲಿ ಹತ್ತೋದು ಮಂಗ. ಆ ಸಾಲು ಹೊಡೆದುಹಾಕಿ."

'ಎಲೆ ಮುಟ್ಟಿದರೆ ಕೈ ಒದ್ದೆ ಆಗುತ್ತದೆಯೇ?' ಎಂದು ತಿದ್ದಿ ಮೂವರಿಗೂ ಕಳಿಸಿದರು. ಐದು ನಿಮಿಷಕ್ಕೆ ಗಿರಿಜವ್ವನ ಫೋನು. "ಒದ್ದೆ ಅಂತ ಬಂದೈತಲ್ಲವಾ ಶಮ್ಮವ್ವ, ಯಾರು ಯಾರಿಗೆ ಒದ್ದದ್ದು?" ಅಖ್ತರ್ ಟಯರಿನ ಮೇಲೆ ಬಿದ್ದು ನಕ್ಕ. ಕೊನೆಗೆ ಗಿರಿಜವ್ವನಿಗೆ ಹಳೆಯ ಹಸಿಯೇ ಇರಲಿ, ಉಳಿದಿಬ್ಬರಿಗೆ ಒದ್ದೆ ಎಂದು ತೀರ್ಮಾನವಾಯಿತು.

ಮಾಡೆಲ್ ಎರಡೇ ದಿನದಲ್ಲಿ ತಣ್ಣಗಾಯಿತು. ಮೂರೂ ಕಡೆ 'ಅಪಾಯವಿಲ್ಲ'. ಶಮ್ಸುನ್ನಿಸಾ ಇನ್ನೇನು ಗೆದ್ದೆವು ಎಂದುಕೊಂಡರೆ ಸ್ಫೂರ್ತಿ ತಲೆಯಾಡಿಸಿದಳು. "ಬಿಸಿಲಿನ್ಯಾಗ ರೋಗ ಇಲ್ಲ ಅಂತ ಯಾರರ ಹೇಳ್ತಾರ್ರಿ. ಬರತೈತಿ ಅಂತ ಹೇಳಿ, ಖರೇನ ಬಂದ್ರ ಸಾಹೇಬರು ಒಪ್ಪತಾರ." ಸಭೆಗೆ ಎರಡು ವಾರವೂ ಉಳಿದಿರಲಿಲ್ಲ.

ಇದೊಂದು ವಿಚಿತ್ರ ಸಂಕಟ. ರೋಗ ಬರಲಿ ಎಂದು ಬೇಡುವಂತಿಲ್ಲ, ಬಾರದಿದ್ದರೆ ಕಂಬ ಉಳಿಯುವುದಿಲ್ಲ. "ಚಂದಗುಳಿ ಗಣಪತಿಗೆ ಗಂಟೆ ಕಟ್ತೆ ಹೇಳಿ ಹರಕೆ ಹೊತ್ಕಂಬ್ಲಾ?" ಎಂದು ಗೋವಿಂದ ಹೆಗಡೆಯವರು ಕೇಳಿದರು. "ಆದ್ರೆ ರೋಗ ಕೊಡು ಹೇಳಿ ಕೇಳಿದ್ರೆ ಗಣಪತಿ ಎನ್ನ ಕಿವಿ ಹಿಂಡ್ತ." ಶಮ್ಸುನ್ನಿಸಾ ತನ್ನ ನಮಾಜಿನಲ್ಲೂ ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಹುಡುಗಿಗೆ ಒಳ್ಳೆಯದು ಮಾಡು ಎಂದಳು, ಹೇಗೆ ಎನ್ನುವುದನ್ನು ಮೇಲಿನವನಿಗೇ ಬಿಟ್ಟಳು.

ಮರುವಾರ ಬಂಗಾಳ ಕೊಲ್ಲಿಯಲ್ಲಿ ಏನೋ ಎದ್ದು ಇಲ್ಲಿ ಮೋಡ ಕವಿಯಿತು. ಸಿದ್ದಾಪುರದ ಕಡೆ ಮೂರು ದಿನ ಬಿಡದ ಸೋನೆ. ಮಂಚಿಕೇರಿಯಲ್ಲಿ ಒಂದೂವರೆ ದಿನ. ಬನವಾಸಿಗೆ ಬರೀ ಮೋಡದ ನೆರಳು. ಚನ್ನಯ್ಯ ಕೊಡೆ ಹಿಡಿದು ಗದ್ದೆಗೆ ಹೋಗಿ ದಿನಕ್ಕೆ ಮೂರು ಸಲ 'ಹೌದು' ಒತ್ತಿದ. ಈ ಸಲ ಅದು ನಿಜವಾದ ಹೌದು. ನಾಲ್ಕನೆಯ ದಿನ ಮಾಡೆಲ್ ಹೇಳಿತು: ತ್ಯಾಗಲಿಗೆ ಅಪಾಯ ತೀವ್ರ, ವಾರದೊಳಗೆ ಚುಕ್ಕೆ ಕಾಣಬಹುದು. ಮಂಚಿಕೇರಿಗೆ ಸ್ವಲ್ಪ. ಗಿರಿಜವ್ವನಿಗೆ ಏನೂ ಇಲ್ಲ.

ಸ್ಫೂರ್ತಿ ಆ ಮೂರು ಸಾಲನ್ನು ಆಗಲೇ ಸಾಹೇಬರಿಗೆ ಬರೆದು ಕಳಿಸಿಬಿಟ್ಟಳು, ಆಮೇಲೆ ಮಾತು ತಿರುಗಿಸಿದರು ಎನ್ನುವಂತಾಗಬಾರದಲ್ಲ.

ಸಭೆಗೆ ಎರಡು ದಿನ ಇರುವಾಗ, ಶನಿವಾರ, ಇಬ್ಬರೂ ತ್ಯಾಗಲಿಗೆ ಹೋದರು. ಹಿಂದಿನ ದಿನ ಮಂಚಿಕೇರಿಯಲ್ಲಿ ನಾಲ್ಕು ಚುಕ್ಕೆ ಸಿಕ್ಕಿದ್ದವು, ಬನವಾಸಿಯಲ್ಲಿ ಸೊನ್ನೆ. ಉಳಿದದ್ದು ಇದೊಂದೇ. ಗುರುತಿನ ಗಿಡಗಳ ಮೊದಲ ಸಾಲಿನಲ್ಲಿ ಚುಕ್ಕೆಯಿಲ್ಲ. ಎರಡನೆಯ ಸಾಲಿನಲ್ಲೂ ಇಲ್ಲ. ಸ್ಫೂರ್ತಿ ಬದುವಿನ ಮೇಲೆ ಕೂತುಬಿಟ್ಟಳು, ಮುಂದೆ ನೋಡುವ ಧೈರ್ಯ ಅವಳಿಗಿರಲಿಲ್ಲ. ಶಮ್ಸುನ್ನಿಸಾ ಸೀರೆ ಎತ್ತಿ ಕಟ್ಟಿ ಮೂರನೆಯ ಸಾಲಿಗೆ ನಡೆದಳು, ಕಾಡಿನ ಮಗ್ಗುಲಿಗೆ, ನೆರಳು ಬೀಳುವ ಮೂಲೆಗೆ. ಬಗ್ಗಿದಳು. ಎಲೆಯನ್ನು ಬೆಳಕಿಗೆ ಹಿಡಿದಳು.

ಎರಡೂ ತುದಿ ಚೂಪು. ನಡುವೆ ಬೂದಿ ಬಣ್ಣ. ಸುತ್ತ ಕಂದು ಅಂಚು. ಒಂದಲ್ಲ, ಒಂದೇ ಎಲೆಯಲ್ಲಿ ಏಳು. ಪಕ್ಕದ ಗಿಡದಲ್ಲಿ ಒಂಬತ್ತು.

"ಬಂತು! ಬಂತು ತಾಯೀ, ರೋಗ ಬಂತು!" ಎಂದು ಅವಳು ಕೆಸರಿನಲ್ಲೇ ಕುಣಿದಳು. ಸ್ಫೂರ್ತಿ ಬೂಟು ಹೂತುಹೋದದ್ದನ್ನೂ ಗಮನಿಸದೆ ಬರಿಗಾಲಲ್ಲಿ ಓಡಿ ಬಂದು ಅವಳನ್ನು ತಬ್ಬಿಕೊಂಡಳು. ಇಬ್ಬರೂ ಮದುವೆ ಮನೆಯವರ ಹಾಗೆ ನಗುತ್ತಿದ್ದರೆ ಗದ್ದೆಯ ಯಜಮಾನ ಚನ್ನಯ್ಯ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಎಂತ ಶಮ್ಸಕ್ಕಾ? ನನ್ನ ಗದ್ದೆಗೆ ರೋಗ ಬಂದ್ರೆ ನಿಂಗೆ ಹಬ್ಬನಾ?"

ಶಮ್ಸುನ್ನಿಸಾಗೆ ನಾಚಿಕೆಯಾಯಿತು. ಕುಣಿದ ಕಾಲು ಅಲ್ಲೇ ನಿಂತಿತು. "ತಪ್ಪಾಯ್ತು ಚನ್ನಯ್ಯಣ್ಣ," ಎಂದಳು, ಮನಸಾರೆ.

ಚನ್ನಯ್ಯ ಎಲೆ ನೋಡಿದ. ಮೂಲೆಯನ್ನು ಕಣ್ಣಲ್ಲೇ ಅಳೆದ. "ಇಷ್ಟೇ ಜಾಗ ಅಲ್ಲನಾ? ನೀವು ಮೊದ್ಲೇ ಹೇಳಿದ್ರಿ ಅಂತ ಔಷಧಿ ತಂದು ಇಟ್ಟಾಗದೆ. ತೆನೆ ಇನ್ನೂ ಪೂರ್ತಿ ಹೊರಗೆ ಬಂದಿಲ್ಲ, ಇವತ್ತೇ ಹೊಡೆದ್ರೆ ಉಳೀತದೆ." ಪಂಪು ತರಲು ಹೊರಟವನು ತಿರುಗಿ ನೋಡಿ ಮೀಸೆಯಡಿ ನಕ್ಕ. "ಹಿಂದೊಂದು ವರ್ಷ ಹೀಂಗೇ ಬಂದಾಗ ನಂಗೆ ಗೊತ್ತಾಗಿದ್ದು ಅರ್ಧ ಗದ್ದೆ ಬೆಳ್ಳಗಾದ ಮೇಲೆ. ಕುಣೀರಿ ಬೇಕಾದ್ರೆ, ಆದ್ರೆ ಭತ್ತ ತುಳೀಬೇಡಿ."

ಸೋಮವಾರ ಬೆಳಿಗ್ಗೆ ಶಮ್ಸುನ್ನಿಸಾ ಹಾರೆ, ಸಲಿಕೆ, ಹಗ್ಗ ಗಾಡಿಗೆ ಹಾಕಿಕೊಂಡು ಸಭೆಯ ಕಟ್ಟಡದ ಹೊರಗೆ ನಿಂತಳು. ಹೇಳಿದ ಮಾತು ಹೇಳಿದ್ದೇ. ಕಂಬ ಕೀಳಿ ಎಂದರೆ ಕೀಳಲೇಬೇಕು. ಒಂದು ಗಂಟೆಯಾಯಿತು, ಎರಡಾಯಿತು. ಅವಳು ಆ ಹಾರೆಯ ಕಡೆ ನೋಡದೆ ಬೀದಿಯನ್ನೇ ನೋಡುತ್ತ ಕೂತಳು.

ಕೊನೆಗೆ ಸ್ಫೂರ್ತಿ ಬಾಗಿಲಿಗೆ ಬಂದು ಕೈ ಬೀಸಿ ಒಳಗೆ ಕರೆದಳು. ಉದ್ದ ಮೇಜಿನ ಆ ತುದಿಯಲ್ಲಿ ದೊಡ್ಡ ಸಾಹೇಬರು.

"ಮೂರು ವಾರ ತಪ್ಪಿದ ಮಾಡೆಲ್ ಈಗ ಮೂರೂ ಕಡೆ ಸರಿ ಹೇಳಿದೆ. ಮಾಡೆಲ್‌ನಲ್ಲಿ ಏನು ಬದಲಿಸಿದಿರಿ ಎಂದರೆ ಈಕೆ ನಿಮ್ಮನ್ನೇ ಕೇಳಬೇಕು ಅನ್ನುತ್ತಾರೆ. ಏನಮ್ಮ ಬದಲಿಸಿದಿರಿ?"

"ಅದನ್ನ ಮುಟ್ಟಲೇ ಇಲ್ಲ ಸರ್," ಎಂದಳು ಶಮ್ಸುನ್ನಿಸಾ. "ಅದಕ್ಕೆ ಕನ್ನಡ ಸರಿ ಹೇಳಿಕೊಟ್ವಿ."

ಸಾಹೇಬರು ಅರ್ಥವಾಗದೆ ನೋಡಿದರು. ಅವಳು ಹಸಿಯ ಕತೆಯನ್ನು ಗೋವಿಂದ ಹೆಗಡೆಯವರ ದನಿಯಲ್ಲಿ ಗೋವಿಂದ ಹೆಗಡೆಯವರದು, ಗಿರಿಜವ್ವನ ದನಿಯಲ್ಲಿ ಗಿರಿಜವ್ವನದು ಹೇಳಿ ತೋರಿಸಿದಳು. ಒದ್ದದ್ದು ಯಾರು ಎನ್ನುವಲ್ಲಿಗೆ ಬರುವಾಗ ಮೇಜಿನ ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಸಾಹೇಬರು ಕಣ್ಣೊರೆಸಿಕೊಂಡು ಮುಂದಿದ್ದ ಹಾಳೆಯ ಒಂದು ಸಾಲನ್ನು ಹೊಡೆದುಹಾಕಿದರು. "ಕಂಬ ಇರಲಿ. ಸ್ಫೂರ್ತಿಯವರೂ ಇರಲಿ. ಇನ್ನೆರಡು ವರ್ಷ ನೋಡೋಣ. ಇನ್ನು ಮೇಲೆ ಯಾವ ಪ್ರಶ್ನೆ ಕಳಿಸುವುದಿದ್ದರೂ ಮೊದಲು ಈ ಅಮ್ಮನಿಗೆ ತೋರಿಸಿ," ಎಂದರು.

ಶಮ್ಸುನ್ನಿಸಾಗೆ ಆ ಹೊತ್ತಿಗೆ ಯಾವ ರಸ್ತೆಯ ಮಾತೂ ಬಾಯಿಗೆ ಬರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದು, ಎರಡು ಸಲ ಕೂಗುವ ಹಾರ್ನನ್ನು ಸುಮ್ಮಸುಮ್ಮನೆ ನಾಲ್ಕು ಸಲ ಒತ್ತಿದಳು.

ಮನೆಯ ಮುಂದೆ ಗಾಡಿ ನಿಂತಾಗ ಅಖ್ತರ್ ಟ್ಯೂಬು ನೀರಿಗೆ ಅದ್ದಿ ಗುಳ್ಳೆ ನೋಡುತ್ತಿದ್ದ. ಕಂಬ ಇಳಿಸಲು ಬೇಕಾದೀತೆಂದು ಪಕ್ಕದಂಗಡಿಯ ಇಬ್ಬರನ್ನು ಹೇಳಿ ನಿಲ್ಲಿಸಿಕೊಂಡಿದ್ದ, ಹೆಂಡತಿಯ ಸಪ್ಪೆ ಮುಖ ನೋಡಬೇಕಾಗುತ್ತದಲ್ಲ ಎಂದು ಬೆಳಗಿನಿಂದ ಊಟವನ್ನೂ ಮಾಡಿರಲಿಲ್ಲ. ಹಿಂದೆ ಹೋಗಿ ನೋಡಿದರೆ ಹಾರೆ, ಸಲಿಕೆ, ಹಗ್ಗ ಬಿಟ್ಟು ಗಾಡಿ ಖಾಲಿ.

"ಕಂಬ ಎಲ್ಲಿ?" ಎಂದ.

"ಗದ್ದೇಲಿ," ಎಂದಳು ಶಮ್ಸುನ್ನಿಸಾ.